'ಮುಟ್ಟಬೇಡ' ಅಂದರೋ, 'ಹಿಡಿದುಕೊಳ್ಳಬೇಡ' ಅಂದರೋ? ಯೋಹಾನ 20:17ರ ಒಂದು ಗ್ರೀಕ್ ಕ್ರಿಯಾಪದ

ಪ್ರಶ್ನೆ: ನಾನು ಸಂಡೇ ಸ್ಕೂಲಿನಲ್ಲಿ ದೊಡ್ಡ ಮಕ್ಕಳಿಗೆ ಪಾಠ ಮಾಡುತ್ತೇನೆ. ಈಸ್ಟರ್ ಪಾಠದಲ್ಲಿ ಯೋಹಾನ 20:17 ಬಂತು. ಒಂದು ಬೈಬಲಿನಲ್ಲಿ ಯೇಸು ಮಗ್ದಲದ ಮರಿಯಳಿಗೆ 'ನನ್ನನ್ನು ಮುಟ್ಟಬೇಡ' ಅಂದಂತಿದೆ, ಇನ್ನೊಂದರಲ್ಲಿ 'ಹಿಡಿದುಕೊಳ್ಳಬೇಡ' ಎಂದಿದೆ. ಒಬ್ಬ ಹುಡುಗಿ 'ಆಕೆ ಹೆಂಗಸು ಅಂತ ಮುಟ್ಟಬೇಡ ಅಂದಿದ್ದಾ ಮಿಸ್?' ಎಂದು ಕೇಳಿದಳು. ಏನು ಹೇಳಬೇಕೋ ತಿಳಿಯಲಿಲ್ಲ. ಯೂಟ್ಯೂಬಿನಲ್ಲಿ ಒಬ್ಬ ಬೋಧಕರು ಗ್ರೀಕ್ ವ್ಯಾಕರಣದ ಪ್ರಕಾರ ಇದಕ್ಕೆ 'ಈಗಾಗಲೇ ಹಿಡಿದಿದ್ದೀಯ, ಬಿಡು' ಎಂಬ ಒಂದೇ ಅರ್ಥ ಅನ್ನುತ್ತಾರೆ. ಅದು ನಿಜವೇ? ಹಾಗಾದರೆ ಯೇಸು ಎದ್ದದ್ದನ್ನು ನಂಬದ ಶಿಷ್ಯ ತೋಮನಿಗೆ ಮಾತ್ರ ಮುಟ್ಟಿ ನೋಡು ಅಂದಿದ್ದು ಯಾಕೆ? ಮಕ್ಕಳಿಗೆ ಯಾವ ಮಾತನ್ನು ಹೇಳಿಕೊಡಲಿ?

ಉತ್ತರ: ಮೊದಲು ಆ ಹುಡುಗಿಯ ಪ್ರಶ್ನೆಗೆ ಬರುತ್ತೇನೆ, ಯಾಕೆಂದರೆ ಅದೇ ಎಲ್ಲಕ್ಕಿಂತ ಮುಖ್ಯ. ಅವಳಿಗೆ ಆ ಅನುಮಾನ ಬಂದದ್ದು ಸಹಜ. ಕನ್ನಡದಲ್ಲಿ 'ಮುಟ್ಟಬೇಡ' ಅಂದ ಕೂಡಲೇ ನಮ್ಮ ಕಿವಿಗೆ ಮಡಿ, ಮೈಲಿಗೆ ಎಲ್ಲಾ ಕೇಳಿಸುತ್ತದೆ. ಹೆಂಗಸರ ತಿಂಗಳ ರಜೆಗೆ ನಮ್ಮ ಮಾತಿನಲ್ಲಿ ಇರುವ ಹೆಸರೇ 'ಮುಟ್ಟು'. ಜಾತಿಯ ಕಾರಣಕ್ಕೆ 'ದೂರ ನಿಲ್ಲು, ಮುಟ್ಟಬೇಡ' ಎಂದು ಕೇಳಿಸಿಕೊಂಡ ಮನೆಗಳ ಮಕ್ಕಳೂ ನಿಮ್ಮ ತರಗತಿಯಲ್ಲಿ ಇರಬಹುದು. ಅಂಥ ಮಗುವಿಗೆ ಈ ವಚನ ಹೇಗೆ ಕೇಳಿಸುತ್ತದೆ ಎಂದು ಯೋಚಿಸಿ. ಗ್ರೀಕ್ ಮಾತಿನಲ್ಲಿ ಆ ಭಾರ ಇಲ್ಲ. ಅದು ನಮ್ಮ ಕನ್ನಡದಿಂದ ಬಂದು ಸೇರಿಕೊಂಡದ್ದು.

ಯೋಹಾನ ಬರೆದಿರುವುದು ಮೂರೇ ಪದ: 'ಮೇ ಮೂ ಹಪ್ತೂ'. 'ಮೇ' ಅಂದರೆ 'ಬೇಡ'. 'ಮೂ' ಅಂದರೆ 'ನನ್ನ'. ಮುಟ್ಟುವ, ಹಿಡಿಯುವ ಕ್ರಿಯಾಪದಗಳ ಜೊತೆ ಗ್ರೀಕಿನಲ್ಲಿ ಷಷ್ಠಿ ವಿಭಕ್ತಿ ಬರುತ್ತದೆ. ನಾವು 'ನನ್ನನ್ನು' ಅನ್ನುವ ಕಡೆ ಅವರು 'ನನ್ನ' ಅನ್ನುತ್ತಾರೆ. ಅದರಲ್ಲಿ ಗೂಢಾರ್ಥ ಏನೂ ಇಲ್ಲ. ಉಳಿದದ್ದು 'ಹಪ್ತೂ'. ಜಗಳವೆಲ್ಲ ಇರುವುದು ಇದರ ಮೇಲೆ.

ಇದರ ಮೂಲ ರೂಪ 'ಹಪ್ತೋ'. ಇದಕ್ಕೆ 'ಅಂಟಿಸು, ಜೋಡಿಸು' ಎಂಬ ಅರ್ಥವಿದೆ, 'ಬೆಂಕಿ ಹೊತ್ತಿಸು' ಎಂಬ ಅರ್ಥವೂ ಇದೆ. ಕನ್ನಡದವರಿಗೆ ಇದು ಬೇಗ ಅರ್ಥವಾಗಬೇಕು, ಯಾಕೆಂದರೆ ನಮ್ಮ 'ಹಚ್ಚು' ಮಾಡುವುದೂ ಇದನ್ನೇ ಅಲ್ವಾ? ಗಾಯಕ್ಕೆ ಮುಲಾಮು ಹಚ್ಚುತ್ತೇವೆ, ದೀಪವನ್ನೂ ಹಚ್ಚುತ್ತೇವೆ. ಲೂಕ 15:8ರಲ್ಲಿ ಕಳೆದುಹೋದ ನಾಣ್ಯ ಹುಡುಕುವ ಹೆಂಗಸು ದೀಪ ಹಚ್ಚುತ್ತಾಳೆ. ಅಲ್ಲಿರುವುದು ಇದೇ ಕ್ರಿಯಾಪದ. ಅಪೊಸ್ತಲರ ಕೃತ್ಯಗಳು 28:2ರಲ್ಲಿ ಹಡಗು ಒಡೆದು ದಡ ಸೇರಿದ ಪೌಲ ಮತ್ತು ಜೊತೆಯವರಿಗಾಗಿ ದ್ವೀಪದ ಜನ ಬೆಂಕಿ ಹಚ್ಚುತ್ತಾರೆ. ಅಲ್ಲೂ ಇದೇ.

ಗ್ರೀಕಿನಲ್ಲಿ ಕರ್ತರಿ, ಕರ್ಮಣಿ ಪ್ರಯೋಗಗಳ ನಡುವೆ ಇನ್ನೊಂದು ಪ್ರಯೋಗವಿದೆ. ಕೆಲಸದ ಪರಿಣಾಮ ಮಾಡುವವನ ಕಡೆಗೇ ತಿರುಗುವಾಗ ಅದನ್ನು ಬಳಸುತ್ತಾರೆ. ನಮ್ಮ 'ಕೊಳ್ಳು' ಹೆಚ್ಚುಕಡಿಮೆ ಮಾಡುವ ಕೆಲಸ ಅದು. ಹಿಡಿ, ಹಿಡಿದುಕೊ. ಕಟ್ಟು, ಕಟ್ಟಿಕೊ. 'ಹಪ್ತೋ' ಹಾಗೆ ತಿರುಗಿದಾಗ 'ಹಪ್ತೊಮೈ' ಆಗುತ್ತದೆ. ಅಂದರೆ ತನ್ನನ್ನು ಒಂದಕ್ಕೆ ಹಚ್ಚಿಕೊಳ್ಳುವುದು, ತಾಗುವುದು, ಮುಟ್ಟುವುದು, ಹಿಡಿಯುವುದು. ಹೊಸ ಒಡಂಬಡಿಕೆಯಲ್ಲಿ ಈ ಕ್ರಿಯಾಪದ ಒಟ್ಟು 39 ಸಲ ಬರುತ್ತದೆ. ದೀಪ ಅಥವಾ ಬೆಂಕಿ ಹಚ್ಚುವ 4 ಸಲ ಬಿಟ್ಟರೆ ಉಳಿದ 35 ಸಲವೂ ಈ ಎರಡನೇ ರೂಪ. ಯೋಹಾನನ ಸುವಾರ್ತೆಯಲ್ಲಿ ಮಾತ್ರ ಇದು ಒಂದೇ ಸಲ ಬರುತ್ತದೆ, ಯೇಸುವಿನ ಸಮಾಧಿ ಇದ್ದ ಈ ತೋಟದಲ್ಲಿ.

ಇಲ್ಲಿ ಒಂದು ಎಚ್ಚರಿಕೆ. 'ಮಗು ಅಜ್ಜಿಯನ್ನು ತುಂಬಾ ಹಚ್ಚಿಕೊಂಡಿದೆ' ಅನ್ನುತ್ತೇವಲ್ಲ, ಅದನ್ನು ನೋಡಿ 'ಮರಿಯಳು ಯೇಸುವನ್ನು ಮನಸ್ಸಿಗೆ ಹಚ್ಚಿಕೊಂಡಿದ್ದಳು, ಅದು ಬೇಡ ಅಂದ' ಎಂದು ಪ್ರಸಂಗ ಕಟ್ಟಲು ಆಸೆಯಾಗುತ್ತದೆ. ದಯವಿಟ್ಟು ಕಟ್ಟಬೇಡಿ. ಎರಡು ಭಾಷೆಗಳ ಪದ ಒಂದೇ ರೀತಿ ಬೆಳೆದರೆ ಪದ ನೆನಪಿಡುವುದು ಸುಲಭ, ಅಷ್ಟೇ. ಅರ್ಥಕ್ಕೆ ಅದು ಸಾಕ್ಷಿಯಲ್ಲ. ಪದದ ಅರ್ಥ ಗೊತ್ತಾಗುವುದು ಅದನ್ನು ಆ ಕಾಲದವರು ಎಲ್ಲೆಲ್ಲಿ ಹೇಗೆ ಬಳಸಿದರು ಎನ್ನುವುದರಿಂದ.

ಬಳಕೆ ನೋಡೋಣ. ಸುವಾರ್ತೆಗಳಲ್ಲಿ ಈ ಪದ ಬರುವ ಹೆಚ್ಚಿನ ಜಾಗಗಳಲ್ಲಿ ಯೇಸು ಯಾರನ್ನೋ ಮುಟ್ಟುತ್ತಾನೆ, ಅಥವಾ ಯಾರೋ ಯೇಸುವನ್ನು ಮುಟ್ಟುತ್ತಾರೆ. ಮಾರ್ಕ 1:41ರಲ್ಲಿ ಕುಷ್ಠರೋಗಿಯನ್ನು ಮುಟ್ಟುತ್ತಾನೆ. ಲೂಕ 7:14ರಲ್ಲಿ, ನಾಯಿನೆಂಬ ಊರಿನ ಬಾಗಿಲಲ್ಲಿ, ಚಟ್ಟವನ್ನು ಮುಟ್ಟುತ್ತಾನೆ. ಮಾರ್ಕ 5ರಲ್ಲಿ 12 ವರ್ಷದಿಂದ ರಕ್ತಸ್ರಾವವಿದ್ದ ಹೆಂಗಸು ಗುಂಪಿನಲ್ಲಿ ಹಿಂದಿನಿಂದ ಬಂದು ಆತನ ಬಟ್ಟೆ ಮುಟ್ಟುತ್ತಾಳೆ. ಯಾಜಕಕಾಂಡ 15ನೇ ಅಧ್ಯಾಯದ ಪ್ರಕಾರ ಆಕೆ ಅಶುದ್ಧಳು, ಆಕೆಯನ್ನು ಮುಟ್ಟಿದವರಿಗೂ ಸಂಜೆಯ ತನಕ ಅಶುದ್ಧಿ. ಯೇಸು ತಿರುಗಿ ನಿಂತು ಯಾರು ಮುಟ್ಟಿದ್ದು ಎಂದು ಕೇಳುತ್ತಾನೆ. ಆಕೆ ನಡುಗುತ್ತಾ ಮುಂದೆ ಬರುತ್ತಾಳೆ. ಆತನ ಬಾಯಿಂದ ಬರುವ ಮೊದಲ ಮಾತು 'ಮಗಳೇ'. ಇನ್ನು ಲೂಕ 7:39ರಲ್ಲಿ ಫರಿಸಾಯನ ಮನೆಯ ಊಟದ ಹೊತ್ತಿಗೆ ಪಾಪಿ ಎಂದು ಹೆಸರಾದ ಹೆಂಗಸು ಯೇಸುವಿನ ಕಾಲು ಹಿಡಿದು ಅಳುತ್ತಾಳೆ. ತನ್ನನ್ನು ಮುಟ್ಟುತ್ತಿರುವ ಈ ಹೆಂಗಸು ಎಂಥವಳೆಂದು ಇವನಿಗೆ ತಿಳಿದಿರಬೇಕಿತ್ತು ಎಂದು ಮನೆಯವನು ಒಳಗೊಳಗೇ ಅಂದುಕೊಳ್ಳುತ್ತಾನೆ. ಇಷ್ಟೂ ಕಡೆ ಇರುವುದು ಇದೇ ಕ್ರಿಯಾಪದ. ಒಂದು ಕಡೆಯಾದರೂ ಯೇಸು ಹಿಂದೆ ಸರಿಯುವುದಿಲ್ಲ.

ಹಾಗಾಗಿ ಆ ಹುಡುಗಿಗೆ ಧೈರ್ಯವಾಗಿ 'ಅಲ್ಲ' ಎಂದು ಹೇಳಿ. ಇನ್ನೊಂದು ಸಾಕ್ಷಿ ಬೇಕಾದರೆ ಮತ್ತಾಯ 28:9 ಓದಿಸಿ. ಅದೇ ಈಸ್ಟರ್ ಬೆಳಿಗ್ಗೆ, ಸಮಾಧಿಯಿಂದ ಓಡಿ ಹೊರಟ ಹೆಂಗಸರು ದಾರಿಯಲ್ಲಿ ಯೇಸುವನ್ನು ಕಂಡು ಆತನ ಪಾದ ಹಿಡಿದು ಅಡ್ಡಬೀಳುತ್ತಾರೆ. ಆತ ಬೇಡ ಅನ್ನುವುದಿಲ್ಲ. ಆ ಹೆಂಗಸರಲ್ಲಿ ಮಗ್ದಲದ ಮರಿಯಳೂ ಇದ್ದಾಳೆ ಎನ್ನುತ್ತಾನೆ ಮತ್ತಾಯ.

ಇದೇ ವಚನ, ಇನ್ನೊಂದು ವಿವರಣೆಯನ್ನೂ ಮುರಿಯುತ್ತದೆ. ಯೇಸು ಮಹಾಯಾಜಕನ ಹಾಗೆ ತಂದೆಯ ಮುಂದೆ ಹೋಗಬೇಕಿತ್ತು, ಅಲ್ಲಿಯ ತನಕ ಯಾರೂ ಮುಟ್ಟದಂತೆ ಶುದ್ಧವಾಗಿ ಇರಬೇಕಿತ್ತು ಎಂದು ಕೆಲವರು ಬೋಧಿಸುತ್ತಾರೆ. ಯೋಹಾನ ಅಂಥದ್ದೇನೂ ಬರೆದಿಲ್ಲ. ಮುಟ್ಟಿದರೆ ಕೆಡುವ ಶುದ್ಧಿ ಆತನದಾಗಿದ್ದರೆ ಕುಷ್ಠರೋಗಿಯ ಕಥೆಯೇ ಬೇರೆ ರೀತಿ ಮುಗಿಯುತ್ತಿತ್ತು.

ಈಗ ಯೂಟ್ಯೂಬ್ ಬೋಧಕರ ಮಾತಿಗೆ ಬರೋಣ. ಅವರು ಹೇಳುವ ನಿಯಮ ಸುಮ್ನೆ ಹುಟ್ಟಿದ್ದಲ್ಲ. ಗ್ರೀಕಿನಲ್ಲಿ ಬೇಡ ಅನ್ನಲು ಎರಡು ಮುಖ್ಯ ದಾರಿಗಳಿವೆ. ಒಂದು, 'ಮೇ' ಜೊತೆ ವರ್ತಮಾನದ ಆಜ್ಞಾರೂಪ. ನಮ್ಮ 'ಹಪ್ತೂ' ಆ ಜಾತಿಯದು. ಎರಡನೆಯದು, 'ಮೇ' ಜೊತೆ ಅಯೋರಿಸ್ಟ್ ಎಂಬ ಧಾತುರೂಪದ ಸಂಭಾವನಾರೂಪ, ಅಂದರೆ ಆಗಬಹುದಾದದ್ದನ್ನು ಹೇಳುವ ರೂಪ. ಅಯೋರಿಸ್ಟ್ ಅಂದರೆ ಕೆಲಸವನ್ನು ಒಳಗಿನಿಂದ, ನಡೆಯುತ್ತಿರುವಂತೆ ತೋರಿಸದೆ, ಇಡಿಯಾಗಿ ಒಂದು ಘಟನೆ ಎಂದು ಹೇಳುವ ರೂಪ. ಕನ್ನಡದಲ್ಲಿ 'ಮುಟ್ಟೀಯ, ಜೋಕೆ!', 'ಬಿದ್ದೀಯ!' ಎಂದು ಎಚ್ಚರಿಸುತ್ತೇವಲ್ಲ, ಅದು ಇದಕ್ಕೆ ತುಂಬಾ ಹತ್ತಿರ. ಆಗಬಹುದಾದ ಒಂದು ಘಟನೆಯನ್ನು ತಡೆಯುವ ಮಾತು ಅದು.

1906ರಲ್ಲಿ ಜೇಮ್ಸ್ ಹೋಪ್ ಮೌಲ್ಟನ್ ಎಂಬ ಇಂಗ್ಲಿಷ್ ವಿದ್ವಾಂಸರು ತಮ್ಮ ಹೊಸ ಒಡಂಬಡಿಕೆ ವ್ಯಾಕರಣದಲ್ಲಿ ಒಂದು ಸಂಗತಿ ಹೇಳಿದರು. ಡೇವಿಡ್ಸನ್ ಎಂಬವರು ಇಂದಿನ ಗ್ರೀಕ್ ಭಾಷೆ ಕಲಿಯುತ್ತಿದ್ದರಂತೆ. ಈ ಎರಡು ರೂಪಗಳ ವ್ಯತ್ಯಾಸ ಅವರಿಗೆ ಹತ್ತಿರಲಿಲ್ಲ. ಒಮ್ಮೆ ಅವರ ಗ್ರೀಕ್ ಸ್ನೇಹಿತ, ಬೊಗಳುತ್ತಿದ್ದ ನಾಯಿಯನ್ನು ಗದರಿಸುವಾಗ ವರ್ತಮಾನದ ರೂಪ ಬಳಸಿದ. ಅಲ್ಲಿ ಅವರಿಗೆ ಸುಳಿವು ಸಿಕ್ಕಿತು. ಆಮೇಲೆ ಸಾಕ್ರಟೀಸನ ವಿಚಾರಣೆ ಬಗ್ಗೆ ಪ್ಲೇಟೋ ಬರೆದದ್ದನ್ನು ತೆಗೆದು ನೋಡಿದರು. ಸಾಕ್ರಟೀಸ್ ಮೊದಲು 'ಗಲಾಟೆ ಮಾಡಬೇಡಿ' ಎಂದು ಅಯೋರಿಸ್ಟಿನಲ್ಲಿ ಹೇಳುತ್ತಾನೆ, ಸ್ವಲ್ಪ ಹೊತ್ತಿನ ಮೇಲೆ ಅದನ್ನೇ ವರ್ತಮಾನದಲ್ಲಿ ಹೇಳುತ್ತಾನೆ. ಗಲಾಟೆ ಶುರುವಾಗುವ ಮುಂಚೆ ಒಂದು ರೂಪ, ಶುರುವಾದ ಮೇಲೆ ಇನ್ನೊಂದು. ಹೀಗೆ 'ವರ್ತಮಾನ ಅಂದರೆ ನಿಲ್ಲಿಸು, ಅಯೋರಿಸ್ಟ್ ಅಂದರೆ ಶುರು ಮಾಡಬೇಡ' ಎಂಬ ಸೂತ್ರ ಪಠ್ಯಪುಸ್ತಕಗಳಿಗೆ, ಅಲ್ಲಿಂದ ಪ್ರಸಂಗಪೀಠಗಳಿಗೆ ಇಳಿಯಿತು. ನೆನಪಿಡಲು ಸುಲಭ, ಹೇಳಲು ಚೆಂದ.

ತೊಂದರೆ ಏನೆಂದರೆ, ಪಠ್ಯ ಯಾವಾಗಲೂ ಈ ಸೂತ್ರದಂತೆ ನಡೆಯುವುದಿಲ್ಲ. ದೂರ ಹೋಗುವುದು ಬೇಡ, ಯೋಹಾನನ ಸುವಾರ್ತೆಯನ್ನೇ ತೆಗೆದುಕೊಳ್ಳಿ. 3ನೇ ಅಧ್ಯಾಯದಲ್ಲಿ ನಿಕೊದೇಮ ಬೆರಗಾಗಿ ಕೂತಿದ್ದಾನೆ. ಮುದುಕನಾದವನು ಮತ್ತೆ ಹುಟ್ಟುವುದು ಹೇಗೆ ಎಂದು ಆಗಲೇ ಕೇಳಿಬಿಟ್ಟಿದ್ದಾನೆ. ಆದರೂ 7ನೇ ವಚನದಲ್ಲಿ ಯೇಸು 'ಆಶ್ಚರ್ಯಪಡಬೇಡ' ಅನ್ನುವುದು ಅಯೋರಿಸ್ಟಿನಲ್ಲಿ, 'ಮೇ ಥೌಮಸೇಸ್' ಎಂದು. ಸೂತ್ರದ ಪ್ರಕಾರ ಅಲ್ಲಿ ವರ್ತಮಾನ ಇರಬೇಕಿತ್ತು.

ನಮ್ಮ ಕ್ರಿಯಾಪದವೇ ಇರುವ ಜಾಗ ಬೇಕಾ? ಎರಡನೇ ಕೊರಿಂಥ 6:17ರಲ್ಲಿ ಪೌಲ ಪ್ರವಾದಿಯ ಮಾತನ್ನು ಎತ್ತಿ ಹೇಳುತ್ತಾನೆ: ಅಶುದ್ಧವಾದದ್ದನ್ನು ಮುಟ್ಟಬೇಡಿ, 'ಮೇ ಹಪ್ತೆಸ್ಥೆ'. ಇದು ವರ್ತಮಾನದ ರೂಪವೇ. ಹಾಗಂತ ಓದುಗರೆಲ್ಲ ಆ ಕ್ಷಣದಲ್ಲಿ ಏನನ್ನೋ ಹಿಡಿದು ಕೂತಿದ್ದರು, ಅದನ್ನು ಬಿಡಿ ಅಂದ ಎಂದು ಯಾರೂ ಹೇಳುವುದಿಲ್ಲ. ಅದು ಎಂದಿಗೂ ಪಾಲಿಸಬೇಕಾದ ನಡತೆಯ ಮಾತು. ಇದಕ್ಕೆ ಎದುರಾಗಿ ಕೊಲೊಸ್ಸೆ 2:21ರಲ್ಲಿ 'ಮುಟ್ಟಬೇಡ, ರುಚಿ ನೋಡಬೇಡ' ಎಂಬ ಮನುಷ್ಯರ ಕಟ್ಟಳೆಗಳನ್ನು ಪೌಲ ಟೀಕಿಸುವಾಗ ಇದೇ ಪದ ಅಯೋರಿಸ್ಟಿನಲ್ಲಿದೆ: 'ಮೇ ಹಪ್ಸೇ'. ನಾನು ಮೇಲೆ ಹೇಳಿದ 'ಮುಟ್ಟೀಯ!' ಅಲ್ಲಿ ಸರಿಯಾಗಿ ಕೂರುತ್ತದೆ. ಮಡಿಯ ಗದರಿಕೆ ಇರುವ ವಚನ ಬೇಕಾದರೆ ಅದು ಕೊಲೊಸ್ಸೆಯಲ್ಲಿದೆ, ಮತ್ತು ಪೌಲ ಅದರ ವಿರುದ್ಧ ಬರೆಯುತ್ತಿದ್ದಾನೆ.

ಹಾಗಾದರೆ ವರ್ತಮಾನದ ರೂಪ ಏನು ಹೇಳುತ್ತದೆ? ಕೆಲಸವನ್ನು ನಡೆಯುವ ಕ್ರಮದಲ್ಲಿ, ಒಳಗಿನಿಂದ ನೋಡಿ ಹೇಳುತ್ತದೆ. 'ಮುಟ್ಟುವುದರಲ್ಲಿ ತೊಡಗಬೇಡ', 'ಹಿಡಿದುಕೊಂಡು ಇರಬೇಡ' ಎಂಬ ಬಗೆ. ಆ ಕೆಲಸ ಆಗಲೇ ಶುರುವಾಗಿತ್ತೋ, ಶುರುವಾಗುವುದರಲ್ಲಿತ್ತೋ, ಅದನ್ನು ಸಂದರ್ಭ ಹೇಳಬೇಕು. ನಮ್ಮ 'ಬೇಡ' ಕೂಡ ಇದನ್ನು ಸಂದರ್ಭಕ್ಕೇ ಬಿಡುತ್ತದೆ. ಅಳುತ್ತಿರುವ ಮಗುವಿಗೆ 'ಅಳಬೇಡ' ಅಂದರೆ ನಿಲ್ಲಿಸು ಎಂದರ್ಥ. ಶಾಲೆಗೆ ಹೊರಟ ಮಗುವಿಗೆ 'ಅಲ್ಲಿ ಹೋಗಿ ಅಳಬೇಡ' ಅಂದರೆ ಶುರು ಮಾಡಬೇಡ ಎಂದರ್ಥ. ಪದ ಒಂದೇ.

ಇದಕ್ಕೆ ಒಂದು ಒಳ್ಳೆಯ ಸಾಕ್ಷಿ ಹಸ್ತಪ್ರತಿಗಳಲ್ಲಿದೆ. ಇದನ್ನು ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 4ನೇ ಶತಮಾನದ, ಸಿನೈ ಎಂದು ಕರೆಯುವ ಗ್ರೀಕ್ ಬೈಬಲ್ ಹಸ್ತಪ್ರತಿಯನ್ನು ತಿದ್ದಿದವರೊಬ್ಬರು ಯೋಹಾನ 20ರ 16ನೇ ವಚನದ ಕೊನೆಗೆ ಒಂದು ವಾಕ್ಯ ಸೇರಿಸಿದ್ದಾರೆ: 'ಆಕೆ ಆತನನ್ನು ಮುಟ್ಟಲು ಓಡಿ ಬಂದಳು'. ಬೇರೆ ಕೆಲವು ಪ್ರತಿಗಳಲ್ಲೂ ಈ ಸೇರ್ಪಡೆ ಇದೆ. ಯೋಹಾನ ಬರೆದದ್ದು ಇದಲ್ಲ ಎಂಬುದರಲ್ಲಿ ಅನುಮಾನವಿಲ್ಲ. ಯೇಸು ಯಾಕೆ ಹಾಗಂದ ಎಂಬುದು ಓದುಗರಿಗೆ ತಿಳಿಯಲಿ ಎಂದು ಸೇರಿಸಿದ್ದು. ಆದರೆ ಗಮನಿಸಿ, ಗ್ರೀಕನ್ನೇ ಬರೆದು ಓದಿ ಬದುಕಿದ ಆ ಮನುಷ್ಯನ ಕಣ್ಣಿಗೆ ಕಂಡದ್ದು ಓಡಿ ಬರುತ್ತಿರುವ ಮರಿಯಳು. ಆಕೆ ಇನ್ನೂ ಮುಟ್ಟಿಲ್ಲ. 'ಮೇ ಮೂ ಹಪ್ತೂ' ಎಂಬ ವರ್ತಮಾನದ ರೂಪ ಅವನಿಗೆ ಇದರ ಜೊತೆ ಸ್ವಲ್ಪವೂ ಅಡ್ಡ ಬರಲಿಲ್ಲ. 'ಈಗಾಗಲೇ ಹಿಡಿದಿದ್ದಳು ಎಂಬ ಒಂದೇ ಅರ್ಥ' ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಅಂದರೆ ಬೋಧಕರು ಹೇಳಿದ್ದು ತಪ್ಪೇ? ಅರ್ಥ ತಪ್ಪಲ್ಲ, 'ಒಂದೇ ಅರ್ಥ' ಎಂಬ ಹಟ ತಪ್ಪು. ನನ್ನ ಅಭಿಪ್ರಾಯ ಕೇಳಿದರೆ, ಮರಿಯಳು ಆತನನ್ನು ಹಿಡಿದುಕೊಂಡಿದ್ದಳು, ಅಥವಾ ಹಿಡಿಯಲು ಬಾಗಿದ್ದಳು ಎಂದೇ ನಾನೂ ಓದುತ್ತೇನೆ. ಆದರೆ ಅದಕ್ಕೆ ನನಗೆ ಆಧಾರ ಬರೀ ಕ್ರಿಯಾರೂಪ ಅಲ್ಲ, ಮುಂದಿನ ಮಾತು. ಇದರ ವಿರುದ್ಧ ಒಂದು ಗಟ್ಟಿ ವಾದವಿದೆ, ಅದನ್ನೂ ಹೇಳಬೇಕು. ಗಟ್ಟಿಯಾಗಿ ಹಿಡಿಯುವುದಕ್ಕೆ ಗ್ರೀಕಿನಲ್ಲಿ 'ಕ್ರತೆಯೋ' ಎಂಬ ಬೇರೆ ಪದವಿದೆ. ಮತ್ತಾಯ 28:9ರಲ್ಲಿ ಹೆಂಗಸರು ಪಾದ ಹಿಡಿದಾಗ ಬಳಸಿದ್ದು ಅದನ್ನೇ. ಯೋಹಾನನಿಗೂ ಆ ಪದ ಗೊತ್ತು, ಇದೇ ಅಧ್ಯಾಯದ 23ನೇ ವಚನದಲ್ಲಿ ಬಳಸಿದ್ದಾನೆ. ಹಾಗಿದ್ದೂ ಇಲ್ಲಿ ಹಗುರವಾದ ಪದ ಯಾಕೆ? ಆದ್ದರಿಂದ 'ಮುಟ್ಟಬೇಡ' ಎಂದು ಅನುವಾದ ಮಾಡಿದವರು ಅಜ್ಞಾನಿಗಳಲ್ಲ. 4ನೇ ಶತಮಾನದ ಕೊನೆಯಲ್ಲಿ ಸುವಾರ್ತೆಗಳ ಲ್ಯಾಟಿನ್ ಪಠ್ಯವನ್ನು ತಿದ್ದಿ ಸಿದ್ಧಪಡಿಸಿದ ಜೆರೋಮ್ ಪ್ರತಿಯಲ್ಲೂ 'ನೋಲಿ ಮೆ ತಾಂಗೆರೆ', ಅಂದರೆ ನನ್ನನ್ನು ಮುಟ್ಟಬೇಡ, ಎಂದೇ ಇದೆ. ಯೂರೋಪಿನ ಚಿತ್ರಕಾರರು ಈ ದೃಶ್ಯಕ್ಕೆ ಆ ಲ್ಯಾಟಿನ್ ಮಾತನ್ನೇ ಹೆಸರಾಗಿ ಇಟ್ಟರು. ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಟಿಶಿಯನ್ ಬರೆದದ್ದಿದೆ: ಮೊಣಕಾಲೂರಿದ ಮರಿಯಳು ಕೈ ಚಾಚಿದ್ದಾಳೆ, ಯೇಸು ಮೈಯನ್ನು ಹಿಂದಕ್ಕೆ ಎಳೆದುಕೊಂಡು ಆಕೆಯ ಕಡೆಗೇ ಬಾಗಿದ್ದಾನೆ. ಇಂಥ ಚಿತ್ರಗಳನ್ನು ನೋಡಿದ ಮೇಲೆ ವಚನವನ್ನು ಬೇರೆ ರೀತಿ ಓದುವುದು ಕಷ್ಟ.

ಈಗ ಆ ಮುಂದಿನ ಮಾತು. 'ನಾನು ಇನ್ನೂ ತಂದೆಯ ಬಳಿಗೆ ಏರಿಹೋಗಿಲ್ಲ. ನೀನು ನನ್ನ ಸಹೋದರರ ಬಳಿಗೆ ಹೋಗಿ, ನಾನು ನನ್ನ ತಂದೆಯೂ ನಿಮ್ಮ ತಂದೆಯೂ ಆಗಿರುವಾತನ ಬಳಿಗೆ ಏರಿಹೋಗುತ್ತೇನೆ ಎಂದು ಹೇಳು.' ಇಲ್ಲಿ 'ಏರು' ಎಂಬ ಕ್ರಿಯಾಪದ ಎರಡು ಸಲ ಬಂದಿದೆ, ಎರಡು ಬೇರೆ ರೂಪಗಳಲ್ಲಿ. ಮೊದಲನೆಯದು 'ಅನಬೆಬೇಕ'. ಕೆಲಸ ಮುಗಿದು ಅದರ ಸ್ಥಿತಿ ಉಳಿದಿದೆ ಅನ್ನುವ ರೂಪ ಅದು. ಕನ್ನಡದ 'ಹೋಗಿದ್ದೇನೆ' ಇದ್ದಂತೆ. ಆದ್ದರಿಂದ 'ಇನ್ನೂ ಹೋಗಲಿಲ್ಲ' ಅನ್ನುವುದಕ್ಕಿಂತ 'ಇನ್ನೂ ಹೋಗಿಲ್ಲ' ಸರಿ. ಎರಡನೆಯದು 'ಅನಬೈನೋ', ವರ್ತಮಾನ. ಹೊರಡುವುದು ಖಚಿತವಾದಾಗ ಗ್ರೀಕರು ವರ್ತಮಾನದಲ್ಲೇ ಹೇಳುತ್ತಾರೆ. ನಾವೂ 'ನಾಳೆ ಊರಿಗೆ ಹೋಗ್ತಿದ್ದೀನಿ' ಅನ್ನುತ್ತೇವೆ.

ಎರಡನ್ನೂ ಸೇರಿಸಿ ಓದಿ. ನಾನು ಇನ್ನೂ ಹೋಗಿಲ್ಲ, ಇಲ್ಲೇ ಇದ್ದೇನೆ. ಆದರೆ ಹೋಗುವವನು. ಈಗ ನಿನಗೊಂದು ಕೆಲಸವಿದೆ, ಹೋಗು. ಆ 'ಹೋಗು' ಕೂಡ ವರ್ತಮಾನದ ಆಜ್ಞೆಯೇ, 'ಪೊರೆವೂ'. 'ಹಪ್ತೂ', 'ಪೊರೆವೂ': ಒಂದು ಬೇಡ, ಒಂದು ಬೇಕು. ಒಂದೇ ಉಸಿರಿನಲ್ಲಿ ಬಂದ ಈ ಎರಡು ಆಜ್ಞೆಗಳನ್ನು ಒಡೆದು ಓದಿದಾಗಲೇ ಎಲ್ಲ ಗೊಂದಲ ಹುಟ್ಟುವುದು. 'ಮುಟ್ಟಬೇಡ' ಎಂಬಲ್ಲಿಗೆ ನಿಲ್ಲಿಸಿದರೆ ತಳ್ಳಿದಂತೆ ಕೇಳಿಸುತ್ತದೆ. ಪೂರ್ತಿ ಓದಿದರೆ ಕಳುಹಿಸಿದಂತೆ ಕೇಳಿಸುತ್ತದೆ. ಅದೂ ಯಾರನ್ನು? ಹೆಂಗಸರ ಸಾಕ್ಷಿಗೆ ಬೆಲೆ ಕಡಿಮೆ ಇದ್ದ ಕಾಲದಲ್ಲಿ ಒಬ್ಬ ಹೆಂಗಸನ್ನು, ಗಂಡಸರ ಬಳಿಗೆ, ಪುನರುತ್ಥಾನದ ಸುದ್ದಿ ಹೇಳಲು. 18ನೇ ವಚನದಲ್ಲಿ ಆಕೆ ಹೋಗಿ 'ನಾನು ಕರ್ತನನ್ನು ನೋಡಿದ್ದೇನೆ' ಅನ್ನುತ್ತಾಳೆ. ಅಲ್ಲಿರುವ 'ನೋಡಿದ್ದೇನೆ' ಕೂಡ 'ಅನಬೆಬೇಕ'ದ ಜಾತಿಯ ರೂಪವೇ: ನೋಡಿ ಬಂದ ಸ್ಥಿತಿಯಲ್ಲಿ ನಿಂತು ಹೇಳುವ ಮಾತು.

ಇನ್ನೊಂದು ಸಣ್ಣ ಸಂಗತಿ. ಆ ತೋಟದಲ್ಲಿ ಇಬ್ಬರೂ ಗ್ರೀಕ್ ಮಾತಾಡುತ್ತಿರಲಿಲ್ಲ. ಮರಿಯಳು 'ರಬ್ಬೂನಿ' ಎಂದು ಇಬ್ರಿಯ ಮಾತಿನಲ್ಲಿ ಕರೆದಳೆಂದು ಯೋಹಾನನೇ ಹೇಳುತ್ತಾನೆ. ಯೇಸು ಉತ್ತರ ಕೊಟ್ಟದ್ದೂ ಆಕೆಯ ಮಾತಿನಲ್ಲೇ ಇರಬೇಕು. ನಮ್ಮ ಕೈಯಲ್ಲಿರುವುದು ಯೋಹಾನ ಗ್ರೀಕಿಗೆ ತಂದ ರೂಪ. ಅದನ್ನು ಗೌರವದಿಂದ, ಸೂಕ್ಷ್ಮವಾಗಿ ಓದಬೇಕು. ಒಂದು ಧಾತುರೂಪದ ಮೇಲೆ ಇಡೀ ಸಿದ್ಧಾಂತವನ್ನು ನಿಲ್ಲಿಸಲು ಹೊರಟವರು ಇದನ್ನೂ ನೆನಪಿಡಬೇಕು.

ತೋಮನ ವಿಷಯಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. 27ನೇ ವಚನದಲ್ಲಿ 'ಹಪ್ತೊಮೈ' ಎಂಬ ಪದವೇ ಇಲ್ಲ. ಬೆರಳು ಇಲ್ಲಿ ತಾ, ಕೈ ಚಾಚಿ ನನ್ನ ಪಕ್ಕೆಯಲ್ಲಿ ಹಾಕು ಎಂದಿದೆ. ತೋಮ ನಿಜವಾಗಿ ಮುಟ್ಟಿದನೆಂದೂ ಯೋಹಾನ ಬರೆದಿಲ್ಲ, ಮಕ್ಕಳಿಗೆ ಹುಡುಕಲು ಹೇಳಿ, ಸಿಗುವುದಿಲ್ಲ. ಇಬ್ಬರ ಅಗತ್ಯ ಬೇರೆ. ನಂಬಲಾರದೆ ಕೂತವನಿಗೆ ಹತ್ತಿರ ಬಂದು ನೋಡು ಎಂಬ ಮಾತು ಬೇಕಿತ್ತು. ಮರಿಯಳು ಹೆಸರು ಕೇಳಿದ ಕೂಡಲೇ ಗುರುತು ಹಿಡಿದಿದ್ದಳು. ಆಕೆಗೆ ಬೇಕಾದದ್ದು ಹೊರಡು ಎಂಬ ಮಾತು.

ಕೊನೆಗೆ, ತರಗತಿಯಲ್ಲಿ ಏನು ಹೇಳಬೇಕು? 'ನನ್ನನ್ನು ಹಿಡಿದುಕೊಂಡು ನಿಲ್ಲಬೇಡ' ಎಂದು ಹೇಳಿಕೊಡಿ. ವರ್ತಮಾನದ ರೂಪಕ್ಕೆ ನ್ಯಾಯ ಸಿಗುತ್ತದೆ, 'ಹೋಗು' ಎಂಬ ಮುಂದಿನ ಮಾತಿಗೂ ಕೂಡಿಬರುತ್ತದೆ, ಮೈಲಿಗೆಯ ನೆರಳೂ ಬೀಳುವುದಿಲ್ಲ. ಆಕೆ ಮೊದಲೇ ಹಿಡಿದಿದ್ದಳಾ ಎಂದು ಮಕ್ಕಳು ಕೇಳಿದರೆ, ಹಿಡಿದಿರಬಹುದು, ಹಿಡಿಯಲು ಬಂದಿರಬಹುದು, ಯೋಹಾನ ಅದನ್ನು ಬರೆದಿಲ್ಲ ಎಂದು ಹೇಳಿ. ಮನೆಯ ಬೈಬಲಿನಲ್ಲಿ 'ಮುಟ್ಟಬೇಡ' ಎಂದು ಇರುವ ಮಕ್ಕಳಿಗೆ ಆ ಬೈಬಲ್ ತಪ್ಪು ಅನ್ನಬೇಡಿ. ಬದಲಿಗೆ ಮಾರ್ಕ 5:25ರಿಂದ 34ರ ತನಕ ಜೋರಾಗಿ ಓದಿಸಿ. ಓದಲು ಆ ಪ್ರಶ್ನೆ ಕೇಳಿದ ಹುಡುಗಿಯನ್ನೇ ಕರೆಯಿರಿ.